ಲ್ಯಾಪ್‌ಟಾಪಿನೊಳಗಿನ ರೇಡಿಯೋಗೆ ಲೈಸೆನ್ಸ್ ಯಾಕೆ ಬೇಡ?

ಅರವತ್ತು ದಾಟಿದವರಿಗೆ ನೆನಪಿರುತ್ತದೆ. ಮನೆಗೆ ಒಂದು ರೇಡಿಯೋ ತಂದರೆ ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಪುಸ್ತಕ ಮಾಡಿಸಬೇಕಿತ್ತು. ವರ್ಷಾ ವರ್ಷಾ ಶುಲ್ಕ ಕಟ್ಟಿ, ಸ್ಟಾಂಪು ಅಂಟಿಸಿ, ಮುದ್ರೆ ಒತ್ತಿಸಿಕೊಂಡು ಬರಬೇಕು. ವಾರ್ತೆ, ಚಿತ್ರಗೀತೆ, ಕೃಷಿರಂಗ ಕೇಳುವುದಕ್ಕೇ ಇಷ್ಟು! 1980ರ ದಶಕದಲ್ಲಿ ಈ ಪದ್ಧತಿ ನಿಂತಿತು. ಆದರೆ ಅದರ ಹಿಂದಿದ್ದ ಕಾನೂನು ನಿಲ್ಲಲಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಎರಡೂ ಬ್ರಿಟಿಷರ ಕಾಲದವು. ಎರಡನೆಯದರ ಪ್ರಕಾರ ಪರವಾನಗಿ ಇಲ್ಲದೆ ವೈರ್‌ಲೆಸ್ ಯಂತ್ರ ಬಳಸುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಅಪರಾಧವಾಗಿತ್ತು.

ಈಗ ಮನೆಯಲ್ಲಿರುವ ಲ್ಯಾಪ್‌ಟಾಪ್ ನೋಡಿ. ಅದರೊಳಗಿನ ವೈಫೈ ಕಾರ್ಡ್ ಕೂಡ ರೇಡಿಯೋವೇ. ಅಜ್ಜನ ರೇಡಿಯೋ ಬರೀ ಕೇಳುತ್ತಿತ್ತು, ಇದು ಕೇಳುತ್ತದೆ, ಮಾತಾಡುತ್ತದೆ ಕೂಡ. ಪೊಲೀಸರ ವಾಕಿಟಾಕಿಯ ಜಾತಿಗೆ ಸೇರಿದ್ದು. ಆದರೂ ಇದಕ್ಕೆ ಲೈಸೆನ್ಸ್ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಯಾಕೆ?

ಇನ್ನೊಂದು ಪ್ರಶ್ನೆಯೂ ಇದೆ. ತಾಲ್ಲೂಕು ಕೇಂದ್ರದ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಕೊಂಡ ಹುಡುಗರು ಆಗಾಗ ಹೇಳುತ್ತಾರೆ, "ಅಣ್ಣಾ, ಎಲ್ಲಾ ಸರಿ ಐತಿ, ವೈಫೈ ಮಾತ್ರ ತೋರಸವಲ್ದು." ಕಾರ್ಡ್ ಒಳಗೇ ಇರುತ್ತದೆ, ಕೆಟ್ಟಿರುವುದಿಲ್ಲ. ಆದರೂ ದನಿ ಇಲ್ಲ. ಸರ್ಕಾರ ಬೇಡ ಎನ್ನದಿದ್ದರೂ ಈ ರೇಡಿಯೋ ಮೂಕವಾಗಿ ಕೂರುವುದು ಹೇಗೆ? ಎರಡು ಪ್ರಶ್ನೆಗೂ ಉತ್ತರ ಈ ಪುಟ್ಟ ಕಾರ್ಡಿನ ಚರಿತ್ರೆಯಲ್ಲಿದೆ.

ಮೊದಲು ಕಾರ್ಡ್ ನೋಡಿಬಿಡೋಣ. ಲ್ಯಾಪ್‌ಟಾಪಿನ ತಳದ ಮುಚ್ಚಳ ಬಿಚ್ಚಿದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ತೆಳು ಹಲಗೆ ಕಾಣುತ್ತದೆ. ಅದಕ್ಕೆ ಸಾಮಾನ್ಯವಾಗಿ ಕಪ್ಪು, ಬಿಳಿ ಬಣ್ಣದ ಎರಡು ಸಣ್ಣ ವೈರು ಸಿಕ್ಕಿಸಿರುತ್ತಾರೆ. ಆ ವೈರುಗಳು ಹಿಂಜಿನ ಸಂದಿಯಲ್ಲಿ ಹಾದು ಪರದೆಯ ಅಂಚಿಗೆ ಹೋಗುತ್ತವೆ. ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಆಂಟೆನಾ ಇರುವುದು ಅಲ್ಲೇ, ಪರದೆಯ ಸುತ್ತ. ಹಿಂಜು ಮುರಿದ ಲ್ಯಾಪ್‌ಟಾಪ್ ರಿಪೇರಿ ಆದ ಮೇಲೆ ವೈಫೈ ಸಿಗ್ನಲ್ ಕಡಿಮೆಯಾದರೆ ಆ ವೈರುಗಳ ಮೇಲೆ ಅನುಮಾನ ಪಡಬಹುದು.

ಕಥೆ ಶುರುವಾಗುವುದು ಹವಾಯಿಯಲ್ಲಿ. ಪೆಸಿಫಿಕ್ ಸಾಗರದ ನಡುವಿನ ದ್ವೀಪಗಳು ಅವು, ಅಮೆರಿಕದ ಒಂದು ರಾಜ್ಯ. ಹವಾಯಿ ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರ್ ಇದ್ದದ್ದು ಓಹೂ ದ್ವೀಪದಲ್ಲಿ. ಬೇರೆ ದ್ವೀಪಗಳ ಕಾಲೇಜುಗಳಿಗೂ ಅದನ್ನು ಬಳಸಬೇಕಿತ್ತು, ಆದರೆ ಟೆಲಿಫೋನ್ ಲೈನು ದುಬಾರಿ, ಗುಣಮಟ್ಟವೂ ಅಷ್ಟಕ್ಕಷ್ಟೇ. ನಾರ್ಮನ್ ಅಬ್ರಾಮ್ಸನ್ ಎಂಬ ಪ್ರಾಧ್ಯಾಪಕರು ಮತ್ತು ಅವರ ತಂಡ ತಂತಿಯ ಬದಲು ರೇಡಿಯೋ ಬಳಸಿದರು. 1971ರ ಜೂನ್‌ನಲ್ಲಿ ಅದು ಕೆಲಸ ಶುರುಮಾಡಿತು. ಹೆಸರು ಅಲೋಹಾನೆಟ್. ಅಲೋಹಾ ಎಂದರೆ ಅಲ್ಲಿಯವರ ನಮಸ್ಕಾರ.

ಅವರ ಉಪಾಯ ಬಹಳ ಸರಳ. ಎಲ್ಲರಿಗೂ ಒಂದೇ ತರಂಗಾಂತರ, ಯಾರಿಗೆ ಬೇಕೋ ಅವರು ಮಾತಾಡಲಿ. ಇಬ್ಬರು ಒಟ್ಟಿಗೆ ಮಾತಾಡಿದರೆ ಎರಡೂ ಕೆಡುತ್ತವೆ. ಕೆಟ್ಟಿತೆಂದು ಗೊತ್ತಾದರೆ ಇಬ್ಬರೂ ಸುಮ್ಮನಾಗಿ, ಒಬ್ಬೊಬ್ಬರು ಒಂದೊಂದು ಹೊತ್ತು ಕಾದು, ಮತ್ತೆ ಹೇಳಬೇಕು. ಗ್ರಾಮಸಭೆಯಲ್ಲಿ ಇಬ್ಬರು ಒಟ್ಟಿಗೆ ಎದ್ದು ನಿಂತು ಮಾತು ಶುರುಮಾಡಿ, "ನೀವು ಹೇಳ್ರಿ, ನೀವು ಹೇಳ್ರಿ" ಅನ್ನುತ್ತಾರಲ್ಲ, ಹಾಗೆ. ಅಧ್ಯಕ್ಷರು ಬೇಡ, ಸರದಿ ಪಟ್ಟಿಯೂ ಬೇಡ. ಇಂದಿನ ವೈಫೈ ಇನ್ನೂ ಜಾಣ, ಬಾಯಿ ತೆರೆಯುವ ಮೊದಲು ಬೇರೆ ಯಾರಾದರೂ ಮಾತಾಡುತ್ತಿದ್ದಾರಾ ಎಂದು ಕಿವಿಗೊಡುತ್ತದೆ. ಮೂಲ ನಡತೆ ಮಾತ್ರ ಅಲೋಹಾದ್ದೇ. ಕಚೇರಿಗಳಲ್ಲಿ ಬಳಸುವ ತಂತಿಯ ನೆಟ್‌ವರ್ಕ್ ಈಥರ್ನೆಟ್ ಕೂಡ ಹುಟ್ಟಿದ್ದು ಅಲೋಹಾ ನೋಡಿಯೇ, 1973ರಲ್ಲಿ. ಅಂದರೆ ಇಲ್ಲಿ ತಂತಿ ಪಾಠ ಕಲಿತದ್ದು ಗಾಳಿಯಿಂದ.

ವಿಧಾನ ಸಿಕ್ಕಿತು, ಆದರೆ ಜಾಗ ಸಿಗಲಿಲ್ಲ. ರೇಡಿಯೋ ತರಂಗಾಂತರ ಎಲ್ಲಾ ದೇಶದಲ್ಲೂ ಸರ್ಕಾರದ ಆಸ್ತಿ. ಇಷ್ಟು ಸೇನೆಗೆ, ಇಷ್ಟು ವಿಮಾನಕ್ಕೆ, ಇಷ್ಟು ಟಿವಿಗೆ ಎಂದು ಸರ್ವೆ ಮಾಡಿ ಹಂಚಿಟ್ಟ ಜಮೀನಿನಂತೆ. ಆ ಜಮೀನಿನ ನಡುವೆ ಒಂದೆರಡು ತುಂಡು ಯಾರಿಗೂ ಬೇಡವಾಗಿದ್ದವು. 1947ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನ, ಕೈಗಾರಿಕೆ, ವಿಜ್ಞಾನ, ವೈದ್ಯಕೀಯ ಯಂತ್ರಗಳ ಗದ್ದಲಕ್ಕೆಂದು ಬಿಟ್ಟ ಪಟ್ಟಿಗಳು ಅವು. ಮೈಕ್ರೋವೇವ್ ಒಲೆ ಅನ್ನ ಬಿಸಿ ಮಾಡುವುದು ಅಂಥದ್ದೊಂದು ಪಟ್ಟಿಯಲ್ಲಿ, 2.45 ಗಿಗಾಹರ್ಟ್ಸ್‌ನಲ್ಲಿ. ಅಲ್ಲಿ ಸಂಪರ್ಕದ ಕೆಲಸ ಯಾರು ಮಾಡುತ್ತಾರೆ?

ಮಾಡಲಿ ಬಿಡಿ ಎಂದದ್ದು ಅಮೆರಿಕದ ಸಂವಹನ ಆಯೋಗ ಎಫ್‌ಸಿಸಿ, 1985ರ ಮೇ ತಿಂಗಳಲ್ಲಿ. ಇದಕ್ಕಾಗಿ ಒಳಗಿನಿಂದ ಓಡಾಡಿದವರು ಆಯೋಗದ ಎಂಜಿನಿಯರ್ ಮೈಕೆಲ್ ಮಾರ್ಕಸ್. 900 ಮೆಗಾಹರ್ಟ್ಸ್ ಸುತ್ತಲಿನ, 2.4 ಗಿಗಾಹರ್ಟ್ಸ್‌ನ, 5.8 ಗಿಗಾಹರ್ಟ್ಸ್ ಸುತ್ತಲಿನ ಮೂರು ಪಟ್ಟಿಗಳಲ್ಲಿ ಯಾರು ಬೇಕಾದರೂ ಲೈಸೆನ್ಸ್ ಇಲ್ಲದೆ ರೇಡಿಯೋ ಬಳಸಬಹುದು ಎಂದರು. ಷರತ್ತು ಇಷ್ಟೇ: ಶಕ್ತಿ ಮಿತಿಯಲ್ಲಿರಬೇಕು, ಸಂಕೇತವನ್ನು ಒಂದೇ ಕಡೆ ಗುಡ್ಡೆ ಹಾಕದೆ ಅಗಲಕ್ಕೆ ಹರಡಬೇಕು, ಬೇರೆಯವರ ಗದ್ದಲದ ಬಗ್ಗೆ ದೂರು ಕೊಡುವಂತಿಲ್ಲ.

ನಮ್ಮ ಮಾತಿನಲ್ಲಿ ಹೇಳುವುದಾದರೆ ಇದು ಗೋಮಾಳ. ಪಹಣಿಯಲ್ಲಿ ಯಾರ ಹೆಸರೂ ಇಲ್ಲ, ಯಾರ ದನ ಬೇಕಾದರೂ ಮೇಯಬಹುದು, ಬೇಲಿ ಹಾಕುವಂತಿಲ್ಲ. ಮೊಬೈಲ್ ಕಂಪನಿಗಳು ಹರಾಜಿನಲ್ಲಿ ಸಾವಿರಾರು ಕೋಟಿ ಕೊಟ್ಟು ಹಿಡಿಯುವ ತರಂಗಾಂತರ ಪಟ್ಟಾ ಜಮೀನು. ಈ ವ್ಯತ್ಯಾಸ ಮನಸ್ಸಿನಲ್ಲಿರಲಿ. ರೀಚಾರ್ಜ್ ಮುಗಿದರೆ ಮೊಬೈಲ್ ಡೇಟಾ ನಿಲ್ಲುತ್ತದೆ. ಆದರೆ ಒಂದು ಕೋಣೆಯಲ್ಲಿರುವ ಎರಡು ಲ್ಯಾಪ್‌ಟಾಪ್ ತಮ್ಮತಮ್ಮಲ್ಲಿ ವೈಫೈ ಮೂಲಕ ಫೈಲ್ ದಾಟಿಸಲು ಯಾರಿಗೂ ಬಿಡಿಗಾಸು ಕೊಡಬೇಕಿಲ್ಲ.

(ಹರಡುವ ಸಂಕೇತದ ಮಾತು ಬಂದಾಗ ಹಾಲಿವುಡ್ ನಟಿ ಹೆಡಿ ಲಮಾರ್ ವೈಫೈ ಕಂಡುಹಿಡಿದರು ಎಂಬ ವಾಟ್ಸಾಪ್ ಸಂದೇಶ ಹಿಂದೆಯೇ ಬರುತ್ತದೆ. ಆಕೆ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ 1942ರಲ್ಲಿ ತರಂಗಾಂತರ ಜಿಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು ನಿಜ. ಅದು ಟಾರ್ಪಿಡೋ ನಡೆಸುವುದಕ್ಕೆ. ಅಲ್ಲಿಂದ ವೈಫೈಗೆ ನೇರ ದಾರಿ ಎಳೆಯುವುದು ಅತಿಯಾಯಿತು.)

ಈ ಗೋಮಾಳಕ್ಕೆ ಮೊದಲು ದನ ಹೊಡೆದವರಲ್ಲಿ ಅಂಗಡಿಯ ಗಲ್ಲಾಪೆಟ್ಟಿಗೆ ಮಾಡುವ ಕಂಪನಿಯೂ ಒಂದು. ಎನ್‌ಸಿಆರ್ ಎಂಬ ಅಮೆರಿಕದ ಸಂಸ್ಥೆ. ದೊಡ್ಡ ಮಳಿಗೆಗಳಲ್ಲಿ ಕ್ಯಾಶ್ ಕೌಂಟರ್ ಜಾಗ ಬದಲಿಸಿದಾಗಲೆಲ್ಲ ನೆಲ ಅಗೆದು ವೈರು ಎಳೆಯುವುದು ತಲೆನೋವಾಗಿತ್ತು. ನೆದರ್ಲೆಂಡ್ಸ್‌ನಲ್ಲಿದ್ದ ಅದರ ಎಂಜಿನಿಯರ್‌ಗಳು ವೇವ್‌ಲ್ಯಾನ್ ಎಂಬ ವೈರ್‌ಲೆಸ್ ಕಾರ್ಡ್ ಮಾಡಿದರು. ಎಲ್ಲಾ ಕಂಪನಿಯ ಕಾರ್ಡೂ ಒಂದರೊಡನೊಂದು ಮಾತಾಡಬೇಕಾದರೆ ಒಂದೇ ಭಾಷೆ ಬೇಕಲ್ಲ? ಅದಕ್ಕೆ ಐಇಇಇ ಎಂಬ ಎಂಜಿನಿಯರ್‌ಗಳ ಸಂಸ್ಥೆಯಲ್ಲಿ ಸಮಿತಿಯಾಯಿತು. ಅದರ ಸಂಖ್ಯೆ 802.11, ಅಧ್ಯಕ್ಷರು ಎನ್‌ಸಿಆರ್‌ನ ವಿಕ್ ಹೇಯ್ಸ್. ವರ್ಷಗಟ್ಟಲೆ ಜಗಳವಾಡಿ 1997ರಲ್ಲಿ ಮೊದಲ ಮಾನದಂಡ ಹೊರಬಂತು. ವೇಗ ಸೆಕೆಂಡಿಗೆ 2 ಮೆಗಾಬಿಟ್. 1999ರಲ್ಲಿ ಅದು 11ಕ್ಕೆ ಏರಿತು. ವೈಫೈ ಎಂಬ ಹೆಸರು ಬಂದದ್ದೂ ಆಗಲೇ, ದುಡ್ಡು ಕೊಟ್ಟು ಒಂದು ಹೆಸರಿಡುವ ಕಂಪನಿಯಿಂದ. ಸಾಮಾನ್ಯ ಜ್ಞಾನದ ಪುಸ್ತಕಗಳು ಅದನ್ನು ವೈರ್‌ಲೆಸ್ ಫಿಡೆಲಿಟಿ ಎಂದು ಬಿಡಿಸುತ್ತವೆ. ಆ ಹೆಸರು ಯಾವುದರ ಸಂಕ್ಷೇಪವೂ ಅಲ್ಲ.

ಆಗಿನ ಲ್ಯಾಪ್‌ಟಾಪ್‌ಗಳ ಪಕ್ಕದಲ್ಲಿ ಒಂದು ಸೀಳು ಇರುತ್ತಿತ್ತು. ಅದರೊಳಗೆ ತಳ್ಳುವ ಕಾರ್ಡಿನ ಅಳತೆ 85.6 ಗುಣಿಸು 54 ಮಿಲಿಮೀಟರ್. ನಿಮ್ಮ ಎಟಿಎಂ ಕಾರ್ಡ್ ಅಳೆದು ನೋಡಿ, ಅದೇ ಅಳತೆ, ದಪ್ಪ ಮಾತ್ರ ಬೇರೆ. ಕಾರ್ಡ್ ಎಂಬ ಹೆಸರು ಉಳಿದದ್ದು ಇಂಥವುಗಳಿಂದಲೇ. ಕಾರ್ಡ್ ತಳ್ಳಿದ ಮೇಲೂ ಒಂದು ತುದಿ ಹೊರಗೆ ಚಾಚಿಕೊಂಡಿರುತ್ತಿತ್ತು, ಅದರೊಳಗೆ ಆಂಟೆನಾ. ಜತೆಗೆ ಬಂದ ಸಿಡಿ ಹಾಕಿ ತಂತ್ರಾಂಶ ಹತ್ತಿಸಬೇಕು, ನೆಟ್‌ವರ್ಕಿನ ಹೆಸರು ಟೈಪ್ ಮಾಡಬೇಕು, ಚಾನೆಲ್ ಆರಿಸಬೇಕು, ಉದ್ದನೆಯ ಕೀಲಿ ಸಂಖ್ಯೆ ತುಂಬಬೇಕು. ಅದು ಕಚೇರಿಯ ಕಂಪ್ಯೂಟರ್ ವಿಭಾಗದವರ ಕೆಲಸವಾಗಿತ್ತೇ ಹೊರತು ಮನೆಯವರದ್ದಲ್ಲ.

1999ರ ಜುಲೈನಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ನ್ಯೂಯಾರ್ಕಿನ ವೇದಿಕೆಯಲ್ಲಿ ಐಬುಕ್ ಎಂಬ ಲ್ಯಾಪ್‌ಟಾಪ್ ತೋರಿಸಿದರು. ಇಂಟರ್ನೆಟ್ ಓಡುತ್ತಿರುವಾಗಲೇ ಅದನ್ನು ಎತ್ತಿ ಒಂದು ಬಳೆಯಾಕಾರದ ರಿಂಗಿನೊಳಗೆ ತೂರಿಸಿದರು, ಜಾದೂಗಾರ ತಂತಿ ಇಲ್ಲ ಎಂದು ತೋರಿಸುವಂತೆ. ಒಳಗೆ ಹಾಕುವ ಕಾರ್ಡಿನ ಬೆಲೆ 99 ಡಾಲರ್. ಅದನ್ನು ಮಾಡಿಕೊಟ್ಟದ್ದು ಲೂಸೆಂಟ್, ವೇವ್‌ಲ್ಯಾನ್ ತಂಡ ಅಷ್ಟರಲ್ಲಿ ಸೇರಿದ್ದ ಕಂಪನಿ. 2003ರ ಮಾರ್ಚ್‌ನಲ್ಲಿ ಇಂಟೆಲ್ ಸೆಂಟ್ರಿನೋ ಎಂಬ ಸ್ಟಿಕ್ಕರ್ ತಂದಿತು. ಇಂಟೆಲ್‌ನದೇ ವೈಫೈ ಕಾರ್ಡ್ ಒಳಗಿದ್ದರೆ ಮಾತ್ರ ಆ ಸ್ಟಿಕ್ಕರ್. ಅಲ್ಲಿಂದ ಮುಂದೆ ವೈಫೈ ಬೇರೆಯಾಗಿ ಕೊಳ್ಳುವ ವಸ್ತುವಾಗಿ ಉಳಿಯಲಿಲ್ಲ.

ಇಷ್ಟೆಲ್ಲಾ ಆಗುವಾಗ ಭಾರತದಲ್ಲಿ 1933ರ ಕಾಯ್ದೆ ಹಾಗೇ ಕೂತಿತ್ತು. ಒಳಗೂ ಹೊರಗೂ ಲೈಸೆನ್ಸ್ ಇಲ್ಲದೆ 2.4 ಗಿಗಾಹರ್ಟ್ಸ್ ಪಟ್ಟಿ ಬಳಸಬಹುದು ಎಂಬ ನಿಯಮ ಕೇಂದ್ರ ಸರ್ಕಾರದ ಗೆಜೆಟ್‌ನಲ್ಲಿ ಬಂದದ್ದು 2005ರ ಜನವರಿ 28ರಂದು. ಶಕ್ತಿ 1 ವ್ಯಾಟ್, ಆಂಟೆನಾದಿಂದ ಹೊರಡುವ ಬಲ 4 ವ್ಯಾಟ್, ಆಂಟೆನಾ ಕಟ್ಟಡದ ಮಾಳಿಗೆಯಿಂದ 5 ಮೀಟರಿನೊಳಗೆ. ಅಮೆರಿಕದ 1985ಕ್ಕೂ ನಮ್ಮ 2005ಕ್ಕೂ ನಡುವೆ 20 ವರ್ಷ! 5 ಗಿಗಾಹರ್ಟ್ಸ್‌ಗೆ ಆಗ ಸಿಕ್ಕಿದ್ದು ಕಟ್ಟಡದೊಳಗಿನ ಅನುಮತಿ ಮಾತ್ರ. ಅದರ 605 ಮೆಗಾಹರ್ಟ್ಸ್ ಹೊರಗಿನ ಬಳಕೆಗೂ ತೆರೆದದ್ದು 2018ರ ಅಕ್ಟೋಬರ್‌ನಲ್ಲಿ.

ಒಳಗೆ, ಹೊರಗೆ ಎನ್ನುವುದು ಗುಮಾಸ್ತರ ಕೂದಲು ಸೀಳುವಿಕೆ ಎನಿಸಬಹುದು. ಪಟ್ಟಣದಲ್ಲಿ ಹೌದು. ಹಳ್ಳಿಗೆ ಹಾಗಲ್ಲ. ಒಳಗೆ ಮಾತ್ರ ಅಂದರೆ ಮನೆಯ ಹಜಾರ. ಹೊರಗೆ ಅಂದರೆ ಊರಿಂದ ಊರಿಗೆ. ತಮಿಳುನಾಡಿನ ಥೇಣಿಯಲ್ಲಿ ಇದು ಕಣ್ಣಿಗೆ ಕಾಣುವಂತೆ ನಡೆಯಿತು. ಅರವಿಂದ ಕಣ್ಣಾಸ್ಪತ್ರೆ ಹಳ್ಳಿಗಳಲ್ಲಿ ಸಣ್ಣ ತಪಾಸಣೆ ಕೇಂದ್ರ ತೆರೆದಿತ್ತು, ವೈದ್ಯರು ಮಾತ್ರ ಥೇಣಿಯಲ್ಲಿ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಎರಿಕ್ ಬ್ರೂವರ್ ಅವರ ತಂಡ ಲ್ಯಾಪ್‌ಟಾಪಿಗೆ ಹಾಕುವ ಜಾತಿಯ ಅಗ್ಗದ ವೈಫೈ ಕಾರ್ಡ್‌ಗಳನ್ನೇ ತಗೊಂಡು, ಲಿನಕ್ಸ್ ಓಡುವ ಸಣ್ಣ ಪೆಟ್ಟಿಗೆಗೆ ಹಾಕಿ, ಒಂದೇ ದಿಕ್ಕಿಗೆ ಮುಖ ಮಾಡಿದ ಆಂಟೆನಾ ಕಟ್ಟಿ, ಕಿಲೋಮೀಟರ್‌ಗಟ್ಟಲೆ ದೂರಕ್ಕೆ ವಿಡಿಯೋ ಸಂಪರ್ಕ ಕೊಟ್ಟಿತು. ರೋಗಿ ಹಳ್ಳಿಯಲ್ಲೇ ಕೂತು ಥೇಣಿಯ ವೈದ್ಯರ ಜತೆ ಮಾತಾಡಿದರು.

ಅದು ಬರೀ ಆಂಟೆನಾ ಎತ್ತರಿಸಿದ ಕೆಲಸವಲ್ಲ. ಮಾತು ಕಳಿಸಿದ ವೈಫೈ ಕಾರ್ಡ್ "ಮುಟ್ಟಿತು" ಎಂಬ ಉತ್ತರಕ್ಕೆ ಕ್ಷಣದ ಕ್ಷಣ ಮಾತ್ರ ಕಾಯುತ್ತದೆ. 10 ಕಿಲೋಮೀಟರ್ ದಾಟಲು ರೇಡಿಯೋ ಅಲೆಗೆ ಸುಮಾರು 33 ಮೈಕ್ರೋಸೆಕೆಂಡ್ ಬೇಕು, ಉತ್ತರ ಬರಲು ಮತ್ತೆ ಅಷ್ಟೇ. ಅಷ್ಟರಲ್ಲಿ ಕಾರ್ಡ್ ಬೇಸತ್ತು, ಮುಟ್ಟಲಿಲ್ಲ ಎಂದು ಮತ್ತೆ ಕಳಿಸುತ್ತದೆ. ಕೋಣೆಯೊಳಗೆ ಸರಿಹೋದ "ನೀವು ಹೇಳ್ರಿ" ಪದ್ಧತಿ ಬಯಲಲ್ಲಿ ಕೆಡುತ್ತದೆ. ಅವರು ಅದನ್ನು ತೆಗೆದು, ಈಗ ನಿನ್ನ ಪಾಳಿ, ಈಗ ನನ್ನ ಪಾಳಿ ಎಂದು ಕಾಲ ಹಂಚಿಟ್ಟರು. ಕಾಲುವೆ ನೀರಿನ ಪಾಳಿಯಂತೆ. ಇದನ್ನು ಮಾಡಲಾದದ್ದು ಕಾರ್ಡಿನ ಡ್ರೈವರ್ ತಂತ್ರಾಂಶಕ್ಕೆ ಕೈ ಹಾಕಿ ತಿದ್ದಲು ಸಾಧ್ಯವಿದ್ದದ್ದರಿಂದ. ಕೈ ಹಾಕಲಾಗದ ಕಾರ್ಡಾಗಿದ್ದರೆ ಇದು ಅಲ್ಲೇ ನಿಲ್ಲುತ್ತಿತ್ತು.

ಇಲ್ಲಿಂದ ನಮ್ಮ ಎರಡನೇ ಪ್ರಶ್ನೆ ಶುರು. ಗಾಳಿಯ ಗೋಮಾಳ ಸರ್ಕಾರ ಬಿಟ್ಟುಕೊಟ್ಟಿತು. ಕಾರ್ಡಿನ ಬೀಗದ ಕೈ ಮಾತ್ರ ತಯಾರಕರ ಬಳಿಯೇ ಉಳಿಯಿತು.

ಲ್ಯಾಪ್‌ಟಾಪಿಗೆ ಕಾರ್ಡ್ ಹಾಕಿದರೆ ಸಾಲದು. ವಿಂಡೋಸ್ ಅಥವಾ ಲಿನಕ್ಸ್ ಅದರ ಜತೆ ಮಾತಾಡಲು ದುಭಾಷಿ ಬೇಕು, ಅದೇ ಡ್ರೈವರ್. ಕಾರ್ಡೇ ಒಂದು ಸಣ್ಣ ಕಂಪ್ಯೂಟರ್ ಆದ್ದರಿಂದ ಅದರೊಳಗೂ ಒಂದು ತಂತ್ರಾಂಶ ಓಡಬೇಕು, ಅದು ಫರ್ಮ್‌ವೇರ್. ಅನೇಕ ಕಾರ್ಡ್‌ಗಳಲ್ಲಿ ಇದನ್ನು ಪ್ರತಿ ಸಲ ಲ್ಯಾಪ್‌ಟಾಪೇ ತುಂಬಿಸಬೇಕು. 2000ದ ದಶಕದಲ್ಲಿ ಕೆಲವು ತಯಾರಕರು ಇವೆರಡನ್ನೂ ವಿಂಡೋಸ್‌ಗೆ ಮಾತ್ರ ಕೊಟ್ಟರು. ಲಿನಕ್ಸ್‌ನವರಿಗೆ ಡ್ರೈವರೂ ಇಲ್ಲ, ಬರೆದುಕೊಳ್ಳುತ್ತೇವೆ ಅಂದರೆ ಮಾಹಿತಿಯೂ ಇಲ್ಲ. ಡ್ರೈವರ್ ತಿದ್ದಿ ಶಕ್ತಿಯ ಮಿತಿ ಮೀರಿದರೆ ಸರ್ಕಾರ ನಮ್ಮನ್ನು ಹಿಡಿಯುತ್ತದೆ ಎಂಬುದು ಕಾರಣವಾಗಿ ಕೇಳಿಬರುತ್ತಿತ್ತು. ವ್ಯಾಪಾರದ ಗುಟ್ಟು ಕಾಪಾಡುವ ಆಸೆಯೂ ಅಷ್ಟೇ ಇತ್ತೆಂದು ನಮಗನಿಸುತ್ತದೆ.

ಇದರಲ್ಲಿ ಹೆಚ್ಚು ಬೈಗುಳ ತಿಂದದ್ದು ಬ್ರಾಡ್‌ಕಾಮ್. ಅದರ ಚಿಪ್ ಬಹಳ ಲ್ಯಾಪ್‌ಟಾಪ್‌ಗಳಲ್ಲಿತ್ತು. ಜನ ಮೊದಲು ಕಂಡುಕೊಂಡ ಅಡ್ಡದಾರಿ ಎನ್‌ಡಿಐಎಸ್ ರ‍್ಯಾಪರ್. ವಿಂಡೋಸ್‌ನ ಡ್ರೈವರನ್ನೇ ತಂದು, ನೀನು ವಿಂಡೋಸ್‌ನಲ್ಲೇ ಇದ್ದೀಯಾ ಎಂದು ಅದನ್ನು ನಂಬಿಸಿ ಲಿನಕ್ಸ್‌ನಲ್ಲಿ ಓಡಿಸುವುದು. ಎರಡನೆಯದು ತಾಳ್ಮೆಯ ದಾರಿ. ಸ್ವಯಂಸೇವಕರು ಎರಡು ಗುಂಪಾದರು. ಒಂದು ಗುಂಪು ಕಂಪನಿಯ ಡ್ರೈವರ್ ಬಿಡಿಸಿ ನೋಡಿ ಚಿಪ್ ಹೇಗೆ ನಡೆಯುತ್ತದೆಂದು ಮಾತಿನಲ್ಲಿ ಬರೆದಿಟ್ಟಿತು. ಇನ್ನೊಂದು ಗುಂಪು ಕಂಪನಿಯ ಡ್ರೈವರನ್ನು ಮುಟ್ಟದೆ, ಆ ವಿವರಣೆ ಮಾತ್ರ ಓದಿ ಹೊಸ ಡ್ರೈವರ್ ಬರೆಯಿತು. ನಕಲು ಮಾಡಿದರು ಎಂಬ ಕೇಸು ಬೀಳದಿರಲಿ ಎಂದು ಈ ಮಡಿ. ಆ ಡ್ರೈವರ್ 2006ರ ಜೂನ್‌ನಲ್ಲಿ ಲಿನಕ್ಸ್‌ನ 2.6.17 ಆವೃತ್ತಿಗೆ ಸೇರಿತು. ಫರ್ಮ್‌ವೇರ್ ಹಂಚುವ ಹಕ್ಕು ಅವರಿಗಿರಲಿಲ್ಲ, ಅದನ್ನು ಬಳಸುವವರೇ ಹುಡುಕಿ ಕತ್ತರಿಸಿ ತೆಗೆದುಕೊಳ್ಳಬೇಕಿತ್ತು. ಬ್ರಾಡ್‌ಕಾಮ್ ಹೊಸ ಚಿಪ್‌ಗಳಿಗೆ ತಾನೇ ಮುಕ್ತ ಡ್ರೈವರ್ ಕೊಟ್ಟದ್ದು 2010ರ ಸೆಪ್ಟೆಂಬರ್‌ನಲ್ಲಿ.

ಡ್ರೈವರ್ ಇದ್ದರೂ ಇನ್ನೊಂದು ಬಾಗಿಲು. ಕೆಲವು ಹಳೆಯ ಥಿಂಕ್‌ಪ್ಯಾಡ್‌ಗಳಿಗೆ ಬೇರೆ ಕಾರ್ಡ್ ಹಾಕಿದರೆ ಆನ್ ಆಗುವಾಗಲೇ 1802 ಎಂಬ ದೋಷ ಸಂಖ್ಯೆ ತೋರಿಸಿ ನಿಲ್ಲುತ್ತಿದ್ದವು. ಅನುಮತಿ ಇಲ್ಲದ ನೆಟ್‌ವರ್ಕ್ ಕಾರ್ಡ್, ತೆಗೆಯಿರಿ ಎಂದು. ಒಪ್ಪಿದ ಕಾರ್ಡ್‌ಗಳ ಪಟ್ಟಿ ಲ್ಯಾಪ್‌ಟಾಪಿನ ಬಯಾಸ್‌ನಲ್ಲೇ ಇರುತ್ತಿತ್ತು. ದುಡ್ಡು ಕೊಟ್ಟು ಕೊಂಡ ಯಂತ್ರದಲ್ಲಿ ಯಾವ ರೇಡಿಯೋ ಇರಬೇಕೆಂದು ಮಾರಿದವರು ಹೇಳುವುದು ನಮ್ಮ ದೃಷ್ಟಿಯಲ್ಲಿ ಆ ಅಂಚೆ ಕಚೇರಿಯ ಪುಸ್ತಕಕ್ಕಿಂತ ಕಡೆ. ಅದಕ್ಕೆ ಒಂದು ಗೆಜೆಟ್ ಆದರೂ ಇತ್ತು.

ಈ ಚರಿತ್ರೆ ಗೊತ್ತಿದ್ದರೆ ವೈಫೈ ತೋರಿಸದ ಹಳೆಯ ಲ್ಯಾಪ್‌ಟಾಪ್ ಗುಜರಿಗೆ ಹೋಗಬೇಕಿಲ್ಲ. ಮೊದಲು ನೋಡಬೇಕಾದ್ದು ಪಕ್ಕದಲ್ಲೋ ಮುಂದೆಯೋ ಇರುವ ಸ್ವಿಚ್. ಕಾರ್ಡ್ ಹೊರಗಿದ್ದ ಕಾಲದಲ್ಲಿ ಎಳೆದು ತೆಗೆದರೆ ರೇಡಿಯೋ ಬಂದ್. ಒಳಗೆ ಹೋದ ಮೇಲೆ ವಿಮಾನದಲ್ಲಿ ಆಫ್ ಮಾಡಲು ಸ್ವಿಚ್ ಬೇಕಾಯಿತು. ಅನೇಕ ಹಳೆಯ ಮಾದರಿಗಳಲ್ಲಿ ಅದನ್ನು ಕೈಯಿಂದ ಸರಿಸದೆ ಯಾವ ತಂತ್ರಾಂಶವೂ ರೇಡಿಯೋ ಎಬ್ಬಿಸಲಾರದು.

ವೈಫೈ ಆನ್ ಇದ್ದು, ಬೇರೆ ನೆಟ್‌ವರ್ಕ್ ಕಂಡು, ನಿಮ್ಮ ಮೊಬೈಲ್ ಹಾಟ್‌ಸ್ಪಾಟ್ ಮಾತ್ರ ಕಾಣದಿದ್ದರೆ ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್‌ನಲ್ಲಿರಬಹುದು. 2.4 ಮಾತ್ರ ಬಲ್ಲ ಹಳೆಯ ಕಾರ್ಡಿಗೆ ಅದು ಕೇಳಿಸುವುದೇ ಇಲ್ಲ. ಮೊಬೈಲ್ ಸೆಟ್ಟಿಂಗ್‌ನಲ್ಲಿ ಬ್ಯಾಂಡ್ 2.4ಕ್ಕೆ ಬದಲಿಸಿ. ಮನೆಯ ರೂಟರ್ 12 ಅಥವಾ 13ನೇ ಚಾನೆಲ್‌ನಲ್ಲಿದ್ದರೂ ಇದೇ ಕಥೆ. ಅಮೆರಿಕದಲ್ಲಿ 11ರವರೆಗೆ ಮಾತ್ರ ಬಳಕೆ, ಅಲ್ಲಿಯ ಮಾರುಕಟ್ಟೆಗೆ ಮಾಡಿದ ಕೆಲವು ಕಾರ್ಡ್ ಅದರ ಮೇಲೆ ನೋಡುವುದಿಲ್ಲ. ಹೆಸರು ಕಂಡೂ ಸೇರದಿದ್ದರೆ ರೂಟರಿನ ಭದ್ರತೆ ಡಬ್ಲ್ಯುಪಿಎ3 ಆಗಿದೆಯಾ ನೋಡಿ, ಡಬ್ಲ್ಯುಪಿಎ2ಕ್ಕೆ ಇಳಿಸಿ. ಇನ್ನೂ ಹಳೆಯದಾದ ಡಬ್ಲ್ಯುಇಪಿಗೆ ಮಾತ್ರ ಇಳಿಯಬೇಡಿ, ಅದರ ಬೀಗ 2001ರಲ್ಲೇ ಒಡೆದಿದೆ.

ವೈಫೈ ಎಂಬ ಪದವೇ ಕಾಣದಿದ್ದರೆ ಡ್ರೈವರ್ ಇಲ್ಲದಿರಬಹುದು. ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು. ಈ ಗಂಟು ಬಿಚ್ಚುವುದು ಈಗ ನಿಮ್ಮ ಕೈಯಲ್ಲಿರುವ ಮೊಬೈಲ್. ಚಾರ್ಜರಿನ ಡೇಟಾ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಒತ್ತಿ. ಲ್ಯಾಪ್‌ಟಾಪ್ ಅದನ್ನು ತಂತಿಯ ನೆಟ್‌ವರ್ಕ್ ಎಂದುಕೊಳ್ಳುತ್ತದೆ, ವೈಫೈ ಡ್ರೈವರಿನ ಹಂಗಿಲ್ಲ. ಆಮೇಲೆ ಕಾರ್ಡ್ ಯಾವುದೆಂದು ನೋಡಿ. ಪ್ರತಿ ಕಾರ್ಡಿಗೂ ಎರಡು ಸಂಖ್ಯೆ ಇರುತ್ತದೆ, ತಯಾರಕರದೊಂದು, ಮಾದರಿಯದೊಂದು. ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ಹಾರ್ಡ್‌ವೇರ್ ಐಡಿ ಎಂಬಲ್ಲಿ ಸಿಗುತ್ತದೆ. ಇಂಟೆಲ್‌ನ ಸಂಖ್ಯೆ 8086, ಅದರ ಹಳೆಯ ಪ್ರಸಿದ್ಧ ಚಿಪ್ಪಿನ ಹೆಸರೇ. ಆ ಎರಡು ಸಂಖ್ಯೆ ಹಾಕಿ ಹುಡುಕಿ, ಲ್ಯಾಪ್‌ಟಾಪ್ ಕಂಪನಿಯ ಸ್ವಂತ ತಾಣದಿಂದಲೇ ಡ್ರೈವರ್ ಇಳಿಸಿಕೊಳ್ಳಿ. ದಾರಿಯಲ್ಲಿ ಸಿಗುವ "ಎಲ್ಲಾ ಡ್ರೈವರ್ ಒಂದೇ ಕಡೆ" ಎನ್ನುವ ತಂತ್ರಾಂಶಗಳ ಗೊಡವೆ ಬೇಡ.

ಲಿನಕ್ಸ್ ಹಾಕುವವರಿಗೆ ಈಗ ಕಷ್ಟ ಕಡಿಮೆ. ಫರ್ಮ್‌ವೇರ್ ಮುಕ್ತ ತಂತ್ರಾಂಶವಲ್ಲ ಎಂದು ಡೆಬಿಯನ್ ಬಳಗ ಅದನ್ನು ತನ್ನ ಅಧಿಕೃತ ಇನ್‌ಸ್ಟಾಲರಿನಿಂದ ಹೊರಗಿಟ್ಟಿತ್ತು. 2022ರಲ್ಲಿ ಸದಸ್ಯರು ಮತ ಹಾಕಿ ಒಳಗೆ ಬಿಟ್ಟುಕೊಂಡರು, 2023ರ ಜೂನ್‌ನ ಡೆಬಿಯನ್ 12ರಿಂದ ಅದು ಜತೆಗೇ ಬರುತ್ತದೆ. ಏನು ಮಾಡಿದರೂ ಆಗದಿದ್ದರೆ, ಕಾರ್ಡ್ ಬದಲಿಸುವ ಮೊದಲು ಆ ಮಾದರಿ ಬೇರೆ ಕಾರ್ಡ್ ಒಪ್ಪುತ್ತದಾ ಎಂದು ಅಂಗಡಿಯವರನ್ನು ಕೇಳಿ. ಅವರಿಗೂ ಖಚಿತವಿಲ್ಲದಿದ್ದರೆ ಹೆಬ್ಬೆರಳ ಉಗುರಿನಷ್ಟಿರುವ ಯುಎಸ್‌ಬಿ ವೈಫೈ ಅಡಾಪ್ಟರ್ ಸಾಕು. ಅದನ್ನು ಬಯಾಸ್‌ನ ಆ ಪಟ್ಟಿ ತಡೆಯುವುದಿಲ್ಲ.